ಜೋಡಿ ಕತ್ತಿಯೋ, ಕತ್ತಿ-ಗುರಾಣಿಯೋ? ರೋಲ್ ಪ್ಲೇಯಿಂಗ್ ಆಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಕ್ಯಾರೆಕ್ಟರ್ ಮಾಡಲು ಕೂತವರಿಗೆ ಬಲಗೈ ತೊಂದರೆ ಕೊಡುವುದಿಲ್ಲ, ಅಲ್ಲಿ ಒಂದು ಕತ್ತಿ ಇರಲಿ ಅಂತ ಎಲ್ಲರೂ ಒಪ್ಪುತ್ತಾರೆ. ತಕರಾರು ಇರುವುದು ಎಡಗೈಯಲ್ಲಿ. ಇನ್ನೊಂದು ಕತ್ತಿ ಕೊಡೋಣವೋ, ಗುರಾಣಿ ಕೊಡೋಣವೋ? ಟೇಬಲ್ ಸುತ್ತ ಕೂತು ದಾಳ ಉರುಳಿಸಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರೂ ಕೇಳುತ್ತಾರೆ, ಸ್ಕೈರಿಮ್, ಎಲ್ಡನ್ ರಿಂಗ್‌ನಂಥ ವಿಡಿಯೋ ಗೇಮ್ ಆಡುವವರೂ ಕೇಳುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಲೆಕ್ಕ ಬೇಕಾದ ಕಡೆ ಲೆಕ್ಕ ಹಾಕಿಯೇ ತೋರಿಸಿದ್ದೇನೆ.

ಸುತ್ತಿ ಬಳಸಿ ಬೇಡ, ಯಾವುದು ಒಳ್ಳೆಯದು ಹೇಳಿ.

ಮೊದಲ ಸಲ ಆಡುತ್ತಿದ್ದರೆ ಗುರಾಣಿ ತೆಗೆದುಕೊಳ್ಳಿ. ಪ್ರತಿ ಏಟಿಗೂ ಹೆಚ್ಚುವರಿ ಡ್ಯಾಮೇಜ್ ಕೊಡುವ ಮಂತ್ರವೋ ಶಕ್ತಿಯೋ ನಿಮ್ಮ ಬಳಿ ಇದ್ದರೆ, ಜೊತೆಗೆ ಎಡಗೈ ಏಟಿಗೆ ಆಟ ಕೇಳುವ ಬೆಲೆ ನಿಮಗೆ ಹೊರೆಯಾಗದಿದ್ದರೆ, ಜೋಡಿ ಕತ್ತಿ. ಆ ಬೆಲೆ ಒಂದೊಂದು ಆಟದಲ್ಲಿ ಒಂದೊಂದು ಥರ ಇರುತ್ತದೆ: ಒಂದು ಕಡೆ ಬೋನಸ್ ಆ್ಯಕ್ಷನ್ (ನಿಮ್ಮ ಸರದಿಯಲ್ಲಿ ಮುಖ್ಯ ಆ್ಯಕ್ಷನ್ ಜೊತೆಗೆ ಸಿಗುವ ಒಂದು ಚಿಕ್ಕ ಕೆಲಸ), ಇನ್ನೊಂದು ಕಡೆ ತಡೆಯುವ ಅವಕಾಶವೇ ಕೈತಪ್ಪುವುದು. ಹಾಗಾಗಿ ಎಲ್ಲ ಆಟಕ್ಕೂ ಹೊಂದುವ ಒಂದು ಉತ್ತರ ಹುಡುಕಬೇಡಿ. ಎಡಗೈಯಲ್ಲಿ ಹಿಡಿದದ್ದಕ್ಕೆ ಈ ಆಟದಲ್ಲಿ ಏನು ಬಿಟ್ಟುಕೊಡಬೇಕಾಗುತ್ತದೆ ಅಂತ ಮೊದಲು ನೋಡಿ.

ಎರಡು ಕತ್ತಿ ಹಿಡಿದರೆ ಡ್ಯಾಮೇಜ್ ಎರಡರಷ್ಟು ಆಗಬೇಕಲ್ಲವೇ?

ಆಗುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ 2014ರ ನಿಯಮ ನೋಡಿ. ಎರಡೂ ಕೈಯಲ್ಲಿ ‘ಲೈಟ್’ ಗುಣದ ಆಯುಧ ಇರಬೇಕು. ಬಲಗೈಯಿಂದ ಅಟ್ಯಾಕ್ ಮಾಡಿದ ಮೇಲೆ ಬೋನಸ್ ಆ್ಯಕ್ಷನ್ ಖರ್ಚು ಮಾಡಿ ಎಡಗೈಯಿಂದ ಒಂದು ಏಟು ಹೊಡೆಯಬಹುದು. ಆದರೆ ಆ ಎರಡನೇ ಏಟಿನ ಡ್ಯಾಮೇಜ್‌ಗೆ ನಿಮ್ಮ ಸ್ಟ್ರೆಂತ್ (ಬಲ) ಅಥವಾ ಡೆಕ್ಸ್‌ಟೆರಿಟಿಯ (ಚುರುಕುತನ) ಅಂಕ ಸೇರುವುದಿಲ್ಲ. ಅದು ಸೇರಬೇಕಾದರೆ ‘ಟು-ವೆಪನ್ ಫೈಟಿಂಗ್’ ಎಂಬ ಫೈಟಿಂಗ್ ಸ್ಟೈಲ್ (ಕಾಳಗದ ಒಂದು ಪರಿಣತಿ) ಆರಿಸಿಕೊಂಡಿರಬೇಕು.

ಈಗ ಲೆಕ್ಕ. ಒಂದನೇ ಲೆವೆಲ್‌ನ ಫೈಟರ್ (ಆಯುಧದ ಕಾಳಗವೇ ಕಸುಬಾದ ವರ್ಗ), ಸ್ಟ್ರೆಂತ್ ಅಂಕ +3, ಹೊಡೆಯುವ ಬೋನಸ್ +5, ಎದುರಾಳಿಯ ಆರ್ಮರ್ ಕ್ಲಾಸ್ (ಏಟು ತಗಲಲು ದಾಳ ಮತ್ತು ಬೋನಸ್ ಸೇರಿ ಮುಟ್ಟಬೇಕಾದ ಅಂಕ) 15. ಇಪ್ಪತ್ತು ಮುಖದ ಡಿ20 ದಾಳದಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಏಟು ತಗಲುತ್ತದೆ, ಅಂದರೆ ಶೇ. 55 ಅವಕಾಶ. ಕ್ರಿಟಿಕಲ್ ಏಟನ್ನು (ದಾಳದಲ್ಲಿ 20 ಬಿದ್ದಾಗಿನ ಹೆಚ್ಚುವರಿ ಹೊಡೆತ) ಸದ್ಯಕ್ಕೆ ಬದಿಗಿಡೋಣ. ಎರಡು ಶಾರ್ಟ್‌ಸೋರ್ಡ್ ಹಿಡಿದು, ಫೈಟಿಂಗ್ ಸ್ಟೈಲ್ ಬೇರೇನೋ ಆರಿಸಿಕೊಂಡಿದ್ದರೆ ಒಂದು ಸುತ್ತಿಗೆ ಸರಾಸರಿ 5.5 ಡ್ಯಾಮೇಜ್. ಟು-ವೆಪನ್ ಸ್ಟೈಲ್ ಇದ್ದರೆ 7.2. ಲಾಂಗ್‌ಸೋರ್ಡ್, ಗುರಾಣಿ ಮತ್ತು ಡ್ಯಾಮೇಜ್‌ಗೆ +2 ಕೊಡುವ ‘ಡ್ಯುಯಲಿಂಗ್’ ಸ್ಟೈಲ್ ಇದ್ದರೆ 5.2. ಡ್ಯುಯಲಿಂಗ್‌ಗೆ ಬೇಕಾದದ್ದು ಇನ್ನೊಂದು ಕೈಯಲ್ಲಿ ಆಯುಧ ಇರಬಾರದು ಅನ್ನುವುದು ಮಾತ್ರ, ಗುರಾಣಿಗೆ ಅಡ್ಡಿಯಿಲ್ಲ. ಎಷ್ಟೋ ಜನ ಇದನ್ನು ಗಮನಿಸದೆ ಆ ಸ್ಟೈಲ್ ಬಿಟ್ಟುಬಿಡುತ್ತಾರೆ.

ಅಂದರೆ ಸ್ಟೈಲ್ ಹೊಂದಿಸಿಕೊಂಡರೂ ಜೋಡಿ ಕತ್ತಿಗೆ ಸಿಗುವ ಲಾಭ ಸುತ್ತಿಗೆ ಎರಡು ಅಂಕದಷ್ಟು. ಸ್ಟೈಲ್ ಇಲ್ಲದಿದ್ದರೆ ಇಬ್ಬರೂ ಹೆಚ್ಚುಕಡಿಮೆ ಸಮ.

ಲೆವೆಲ್ ಏರಿದ ಹಾಗೆ ಜೋಡಿ ಕತ್ತಿ ಇನ್ನೂ ಮುಂದೆ ಹೋಗುತ್ತದಲ್ಲವೇ?

ಫೈಟರ್ ವಿಷಯದಲ್ಲಿ ನಡೆಯುವುದು ಇದರ ಉಲ್ಟಾ. ಐದನೇ ಲೆವೆಲ್‌ನಲ್ಲಿ ಸಿಗುವ ‘ಎಕ್ಸ್‌ಟ್ರಾ ಅಟ್ಯಾಕ್’ (ಒಂದೇ ಆ್ಯಕ್ಷನ್‌ನಲ್ಲಿ ಹೆಚ್ಚು ಏಟು) ಬಲಗೈಗೆ ಮಾತ್ರ ಲಾಭ. ಎಡಗೈಗೆ ಕೊನೆಯವರೆಗೂ ಒಂದೇ ಏಟು.

ಎಲ್ಲ ಏಟೂ ತಗಲಿತು ಅಂತಿಟ್ಟುಕೊಳ್ಳಿ. ಐದನೇ ಲೆವೆಲ್, ಅಂಕ +4: ಲಾಂಗ್‌ಸೋರ್ಡ್‌ನ ಎರಡು ಏಟಿಗೆ ಡ್ಯುಯಲಿಂಗ್ ಸೇರಿ 21, ಶಾರ್ಟ್‌ಸೋರ್ಡ್‌ನ ಮೂರು ಏಟಿಗೆ 22.5. ಹನ್ನೊಂದನೇ ಲೆವೆಲ್, ಅಂಕ +5: ಲಾಂಗ್‌ಸೋರ್ಡ್‌ನ ಮೂರು ಏಟಿಗೆ 34.5, ಶಾರ್ಟ್‌ಸೋರ್ಡ್‌ನ ನಾಲ್ಕು ಏಟಿಗೆ 34. ಇಲ್ಲಿಗೆ ಗುರಾಣಿಯವನೇ ಮುಂದೆ! ಇಪ್ಪತ್ತನೇ ಲೆವೆಲ್‌ನಲ್ಲಿ 46 ಮತ್ತು 42.5. ಗುರಾಣಿಯ ರಕ್ಷಣೆ ಪೂರ್ತಿ ಹಾಗೇ ಇದೆ, ಬೋನಸ್ ಆ್ಯಕ್ಷನ್ ಕೂಡ ಖರ್ಚಾಗಿಲ್ಲ.

2014ರ ‘ಡ್ಯುಯಲ್ ವೀಲ್ಡರ್’ ಫೀಟ್ (ಆರಿಸಿಕೊಳ್ಳಬಹುದಾದ ವಿಶೇಷ ಸಾಮರ್ಥ್ಯ) ತೆಗೆದುಕೊಂಡರೆ ಲೈಟ್ ಅಲ್ಲದ ಒಂಟಿ ಕೈ ಆಯುಧಗಳನ್ನೂ ಜೋಡಿಯಾಗಿ ಹಿಡಿಯಬಹುದು, ಆರ್ಮರ್ ಕ್ಲಾಸ್‌ಗೆ +1 ಕೂಡ ಬರುತ್ತದೆ. ಆಗ ಎರಡು ಲಾಂಗ್‌ಸೋರ್ಡ್‌ಗೆ ಹನ್ನೊಂದನೇ ಲೆವೆಲ್‌ನಲ್ಲಿ 38. ಆದರೆ ಅದಕ್ಕೆ ಒಂದು ಫೀಟ್ ಹೋಯಿತು, ಅಷ್ಟಾದರೂ ರಕ್ಷಣೆಯಲ್ಲಿ ಗುರಾಣಿಗಿಂತ ಒಂದು ಅಂಕ ಕಡಿಮೆಯೇ. ಬರೀ ಫೈಟರ್‌ಗೆ ಜೋಡಿ ಕತ್ತಿಯನ್ನು ನಾನು ಶಿಫಾರಸು ಮಾಡದೇ ಇರಲು ಇದೇ ಕಾರಣ.

ಗುರಾಣಿ ಆರ್ಮರ್ ಕ್ಲಾಸ್‌ಗೆ ಕೊಡೋದು ಬರೀ +2 ತಾನೇ? ಅದರಿಂದ ಏನಾಗುತ್ತೆ?

ತುಂಬ ಆಗುತ್ತದೆ. ಒಂದು ಕಾಳಗವನ್ನೇ ನೋಡೋಣ.

ಚೈನ್ ಮೇಲ್ (ಸರಪಳಿ ಕವಚ) ತೊಟ್ಟ, 12 ಜೀವದ ಅಂಕ ಇರುವ ಒಂದನೇ ಲೆವೆಲ್‌ನ ಇಬ್ಬರು ಫೈಟರ್‌ಗಳು. ಜೋಡಿ ಕತ್ತಿಯವಳ ಆರ್ಮರ್ ಕ್ಲಾಸ್ 16, ಗುರಾಣಿಯವಳದು 18. ಇಬ್ಬರ ಮೇಲೂ ತಲಾ ಮೂರು ಗಾಬ್ಲಿನ್ (ಕುಳ್ಳ ರಾಕ್ಷಸ ಜೀವಿಗಳು) ಬಿದ್ದಿವೆ. 2014ರ ಗಾಬ್ಲಿನ್‌ಗೆ ಹೊಡೆಯುವ ಬೋನಸ್ +4, ತಗಲಿದರೆ ಸರಾಸರಿ 5.5. ಜೋಡಿ ಕತ್ತಿಯವಳಿಗೆ ಪ್ರತಿ ಏಟು ತಗಲುವ ಅವಕಾಶ ಶೇ. 45, ಗುರಾಣಿಯವಳಿಗೆ ಶೇ. 35. ಮೂರೂ ಗಾಬ್ಲಿನ್ ಎರಡು ಸುತ್ತು ಬಡಿದರೆ ಮೊದಲನೆಯವಳಿಗೆ ಬೀಳುವುದು ಸರಾಸರಿ 14.9, ಎರಡನೆಯವಳಿಗೆ 11.6. ಒಬ್ಬಳು ನೆಲಕ್ಕೆ ಬಿದ್ದಿರುತ್ತಾಳೆ, ಇನ್ನೊಬ್ಬಳು ಕೂದಲೆಳೆಯಲ್ಲಿ ನಿಂತಿರುತ್ತಾಳೆ.

ಹೊಡೆತದ ಕಡೆಯೂ ನೋಡಿ. ಗಾಬ್ಲಿನ್‌ಗೆ 7 ಜೀವದ ಅಂಕ. ಡ್ಯುಯಲಿಂಗ್ ಇರುವ ಲಾಂಗ್‌ಸೋರ್ಡ್ ಒಮ್ಮೆ ತಗಲಿದರೆ, ಅದರ ಎಂಟು ಮುಖದ ಡ್ಯಾಮೇಜ್ ದಾಳ ಡಿ8ರಲ್ಲಿ 1 ಬಿದ್ದ ಹೊರತು ಅದರ ಕಥೆ ಮುಗಿಯಿತು. ಶಾರ್ಟ್‌ಸೋರ್ಡ್‌ನ ಒಂದು ಏಟಿಗೆ ಸಾಯುವುದು ಅರ್ಧದಷ್ಟು ಸಲ ಮಾತ್ರ. ಹೀಗಾಗಿ ಜೋಡಿ ಕತ್ತಿಯವಳು ಹೆಚ್ಚು ಗಾಬ್ಲಿನ್‌ಗಳನ್ನು ಕೊಲ್ಲುತ್ತಾಳೆ ನಿಜ, ಆದರೆ ಎರಡರಷ್ಟಲ್ಲ.

ಇನ್ನೊಂದು ವಿಷಯ. ಮೈಮೇಲಿನ ಕವಚ ಗಟ್ಟಿಯಾದಷ್ಟೂ ಗುರಾಣಿಯ ಬೆಲೆ ಏರುತ್ತದೆ. ಮೇಲಿನ ಉದಾಹರಣೆಯಲ್ಲಿ 45ರಿಂದ 35ಕ್ಕೆ ಇಳಿಯಿತು, ಅಂದರೆ ಬೀಳುವ ಏಟುಗಳಲ್ಲಿ ಶೇ. 22 ಕಡಿತ. ಪ್ಲೇಟ್ (ಮೈತುಂಬ ಉಕ್ಕಿನ ಕವಚ) ತೊಟ್ಟು 18 ಇದ್ದವರು ಗುರಾಣಿ ಹಿಡಿದು 20 ಮಾಡಿಕೊಂಡರೆ ಅದೇ ಗಾಬ್ಲಿನ್‌ನ ಅವಕಾಶ 35ರಿಂದ 25ಕ್ಕೆ ಬರುತ್ತದೆ, ಅದು ಶೇ. 29ರಷ್ಟು ಕಡಿತ. ‘ನನಗೆ ಪ್ಲೇಟ್ ಇದೆ, ಗುರಾಣಿ ಯಾಕೆ’ ಅನ್ನುವವರು ಈ ಲೆಕ್ಕವನ್ನು ತಲೆಕೆಳಗಾಗಿ ಹಿಡಿದಿದ್ದಾರೆ. ಮೈಮೇಲೆ ಪ್ಲೇಟ್ ಬಂದಾಗಲೇ ಗುರಾಣಿ ಹೆಚ್ಚು ದುಡಿಯುವುದು.

ಇದರ ಮೇಲೆ ‘ಶೀಲ್ಡ್ ಮಾಸ್ಟರ್’ ಫೀಟ್ ಇದೆ, ‘ಪ್ರೊಟೆಕ್ಷನ್’ ಸ್ಟೈಲ್ ಇದೆ. ಎರಡನೆಯದು ನಿಮ್ಮ ಪಕ್ಕದಲ್ಲಿ ನಿಂತ ಗೆಳೆಯನ ಮೇಲೆ ಬೀಳುವ ಏಟಿಗೆ ಡಿಸ್‌ಅಡ್ವಾಂಟೇಜ್ (ದಾಳ ಎರಡು ಸಲ ಉರುಳಿಸಿ ಕಡಿಮೆಯದನ್ನು ಹಿಡಿಯುವುದು) ತರುತ್ತದೆ. ಪಾರ್ಟಿಯ (ಆಟದ ತಂಡದ) ಮಂತ್ರಗಾರ ವಿಝರ್ಡ್ ಬದುಕಿ ಉಳಿಯಲಿ ಅಂತ ನಿಜವಾಗಿ ಆಸೆ ಇರುವವರಿಗೆ ಅದೊಂದು ಒಳ್ಳೆಯ ಆಯ್ಕೆ.

ಬೋನಸ್ ಆ್ಯಕ್ಷನ್ ಹೋದರೆ ಹೋಗಲಿ, ಸುಮ್ಮನೆ ಇರುತ್ತಲ್ಲ?

ಒಂದನೇ ಲೆವೆಲ್‌ನ ಫೈಟರ್‌ಗೆ ಅದು ಹೆಚ್ಚು ಹೊತ್ತು ಸುಮ್ಮನೆಯೇ ಇರುತ್ತದೆ, ಸರಿ. ಉಳಿದ ವರ್ಗದವರಿಗೆ ಇಲ್ಲ. ಬಾರ್ಬೇರಿಯನ್‌ಗೆ ರೇಜ್ (ರೋಷಾವೇಶ) ಶುರು ಮಾಡಲು ಅದೇ ಬೇಕು. ರೇಂಜರ್‌ಗೆ ಹಂಟರ್ಸ್ ಮಾರ್ಕ್ ಎಂಬ ಮಂತ್ರ ಹಾಕಲೂ ಬೇಕು, ಒಬ್ಬ ಸತ್ತ ಮೇಲೆ ಅದನ್ನು ಇನ್ನೊಬ್ಬನ ಮೇಲೆ ಸರಿಸಲೂ ಬೇಕು. ಕ್ಲೆರಿಕ್‌ಗೆ ದೂರದಿಂದ ಗಾಯ ಮಾಯಿಸುವ ಹೀಲಿಂಗ್ ವರ್ಡ್‌ಗೆ ಬೇಕು. ಕ್ಯಾರೆಕ್ಟರ್ ಶೀಟ್ ಮುಂದಿಟ್ಟುಕೊಂಡು ಬೋನಸ್ ಆ್ಯಕ್ಷನ್ ಕೇಳುವ ಸಾಲುಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಮೂರಕ್ಕಿಂತ ಹೆಚ್ಚು ಗುರುತು ಬಿದ್ದರೆ ಎಡಗೈ ಕತ್ತಿ ಅರ್ಧ ಕಾಳಗದಲ್ಲಿ ಒರೆಯಿಂದ ಹೊರಗೆ ಬಂದೂ ಕೆಲಸವಿಲ್ಲದೆ ಕೂರುತ್ತದೆ.

ಹಾಗಾದರೆ ಜೋಡಿ ಕತ್ತಿ ಯಾರಿಗೆ ಸರಿ?

ಮೊದಲನೆಯದಾಗಿ ರೋಗ್‌ಗೆ, ಅಂದರೆ ಕಳ್ಳ ಹೆಜ್ಜೆಯ ವರ್ಗಕ್ಕೆ. ಅವರ ಹೆಚ್ಚುವರಿ ಹೊಡೆತ ಸ್ನೀಕ್ ಅಟ್ಯಾಕ್ ಒಂದು ಟರ್ನ್‌ಗೆ ಒಂದೇ ಸಲ, ಆದರೆ ದೊಡ್ಡ ಡ್ಯಾಮೇಜ್ ಎಲ್ಲ ಅಲ್ಲೇ ಇರುವುದು. ಏಟು ತಗಲುವ ಅವಕಾಶ ಶೇ. 65 ಇದ್ದರೆ, ಒಂದೇ ಏಟಿಗೆ ಮೂರರಲ್ಲಿ ಒಂದು ಸಲ ಇಡೀ ಟರ್ನ್ ವ್ಯರ್ಥ. ಎರಡನೇ ಏಟು ಕೈಯಲ್ಲಿದ್ದರೆ ಸ್ನೀಕ್ ಅಟ್ಯಾಕ್ ತಗಲಿಸುವ ಅವಕಾಶ ಸುಮಾರು ಶೇ. 88ಕ್ಕೆ ಏರುತ್ತದೆ. ಆಡುವ ಕ್ರಮವೂ ಸೊಗಸು. ಮೊದಲ ಏಟು ತಗಲಿತೋ, ಬೋನಸ್ ಆ್ಯಕ್ಷನ್ ಬಳಸಿ ಕನ್ನಿಂಗ್ ಆ್ಯಕ್ಷನ್‌ನಲ್ಲಿ ಜಾರಿಕೊಳ್ಳಿ. ತಪ್ಪಿತೋ, ಎಡಗೈ ಬೀಸಿ. ಹೇಗೂ ರೋಗ್‌ಗೆ ಗುರಾಣಿ ಹಿಡಿಯುವ ತರಬೇತಿ ಇರುವುದಿಲ್ಲ, ಆದ್ದರಿಂದ ಕಳೆದುಕೊಳ್ಳುವುದು ಏನೂ ಇಲ್ಲ.

ಆಮೇಲೆ ಪ್ರತಿ ಏಟಿಗೂ ದಾಳ ಸೇರಿಸಿಕೊಳ್ಳುವವರಿಗೆ. ಹಂಟರ್ಸ್ ಮಾರ್ಕ್, ಹೆಕ್ಸ್ ಎಂಬ ಮಂತ್ರಗಳೆರಡೂ ಏಟಿಗೊಂದು ಡಿ6 ಕೊಡುತ್ತವೆ. ಏಟು ಹೆಚ್ಚಿದಷ್ಟೂ ಫಲ. ಹಾಗಿದ್ದೂ ಮಂತ್ರ ಹಾಕಿದ ಟರ್ನ್‌ನಲ್ಲಿ ಎಡಗೈ ಏಟು ಇಲ್ಲ. ಎರಡೇ ಸುತ್ತಿನಲ್ಲಿ ಮುಗಿಯುವ ಚಿಕ್ಕ ಕಾಳಗಗಳಲ್ಲಿ ಈ ಜೋಡಿ ಅಷ್ಟೇನೂ ಮಿಂಚುವುದಿಲ್ಲ. ಒಬ್ಬನೇ ದೊಡ್ಡ ಎದುರಾಳಿ ಬಹಳ ಹೊತ್ತು ನಿಂತಾಗ ನೋಡಬೇಕು ಅದರ ಕಳೆ.

2024ರ ಹೊಸ ನಿಯಮದಲ್ಲಿ ಏನು ಬದಲಾಗಿದೆ?

ಜೋಡಿ ಕತ್ತಿಯ ದೊಡ್ಡ ಕೊರತೆಯನ್ನೇ ತುಂಬಿದ್ದಾರೆ. ವೆಪನ್ ಮಾಸ್ಟರಿ ಅಂತ ಹೊಸ ವ್ಯವಸ್ಥೆ ಬಂದಿದೆ. ಅದರಲ್ಲಿ ‘ನಿಕ್’ ಗುಣ ಇರುವ ಆಯುಧ ಕೈಯಲ್ಲಿದ್ದು ಅದರ ಮಾಸ್ಟರಿ ನಿಮಗಿದ್ದರೆ, ಎಡಗೈಯ ಹೆಚ್ಚುವರಿ ಏಟು ಅಟ್ಯಾಕ್ ಆ್ಯಕ್ಷನ್‌ನೊಳಗೇ ಸೇರಿಹೋಗುತ್ತದೆ, ಬೋನಸ್ ಆ್ಯಕ್ಷನ್ ಉಳಿಯುತ್ತದೆ. ಡ್ಯಾಗರ್, ಸಿಮಿಟರ್, ಸಿಕಲ್, ಲೈಟ್ ಹ್ಯಾಮರ್ ಈ ನಾಲ್ಕಕ್ಕೆ ನಿಕ್ ಇದೆ. ಶಾರ್ಟ್‌ಸೋರ್ಡ್‌ಗೆ ‘ವೆಕ್ಸ್’: ತಗಲಿದರೆ ಅದೇ ಎದುರಾಳಿಯ ಮೇಲಿನ ಮುಂದಿನ ಏಟಿಗೆ ಅಡ್ವಾಂಟೇಜ್ (ದಾಳ ಎರಡು ಸಲ ಉರುಳಿಸಿ ಹೆಚ್ಚಿನದನ್ನು ಹಿಡಿಯುವುದು). ಹಾಗಾಗಿ ಒಂದು ಕೈಯಲ್ಲಿ ಶಾರ್ಟ್‌ಸೋರ್ಡ್, ಇನ್ನೊಂದರಲ್ಲಿ ಸಿಮಿಟರ್ ಹಿಡಿದ ರೇಂಜರ್ ಈಗ ಹಂಟರ್ಸ್ ಮಾರ್ಕ್ ಹಾಕಿದ ಟರ್ನ್‌ನಲ್ಲೇ ಎರಡೂ ಕತ್ತಿ ಬೀಸಬಹುದು.

ಬದಲಿಗೆ ಡ್ಯುಯಲ್ ವೀಲ್ಡರ್ ಫೀಟ್‌ನಲ್ಲಿದ್ದ ಆರ್ಮರ್ ಕ್ಲಾಸ್ +1 ಹೋಗಿದೆ. ಗುರಾಣಿಯ +2 ಹಾಗೇ ಇದೆ. ನನ್ನ ಮಟ್ಟಿಗೆ ಇದು ನ್ಯಾಯವಾದ ಬದಲಾವಣೆ. ಹೊಡೆಯಬೇಕಾದವರು ಚೆನ್ನಾಗಿ ಹೊಡೆಯುತ್ತಾರೆ, ತಡೆಯುವವರು ಚೆನ್ನಾಗಿ ತಡೆಯುತ್ತಾರೆ.

ಬಾಲ್ಡರ್ಸ್ ಗೇಟ್ 3ರಲ್ಲಿ?

ಆಗಸ್ಟ್ 2023ರಲ್ಲಿ ಬಂದ ಈ ವಿಡಿಯೋ ಗೇಮ್‌ನ ಬುನಾದಿ 2014ರ ನಿಯಮಗಳೇ, ಆದ್ದರಿಂದ ಮೇಲಿನ ಲೆಕ್ಕ ಬಹುಪಾಲು ಇಲ್ಲೂ ನಿಲ್ಲುತ್ತದೆ. ವ್ಯತ್ಯಾಸ ಎರಡು. ಇಲ್ಲಿ ನೆಗೆಯುವುದು, ತಳ್ಳುವುದು, ಪೋಷನ್ (ಮದ್ದು) ಕುಡಿಯುವುದು ಎಲ್ಲಕ್ಕೂ ಬೋನಸ್ ಆ್ಯಕ್ಷನ್ನೇ ಬೇಕು, ಅದಕ್ಕೆ ಪೈಪೋಟಿ ಜಾಸ್ತಿ. ಆದರೆ ರೋಗ್‌ನ ‘ಥೀಫ್’ ಉಪವರ್ಗಕ್ಕೆ ಮೂರನೇ ಲೆವೆಲ್‌ನಲ್ಲಿ ಇನ್ನೊಂದು ಬೋನಸ್ ಆ್ಯಕ್ಷನ್ ಪೂರ್ತಿಯಾಗಿ ಸಿಗುತ್ತದೆ. ಜೋಡಿ ಕತ್ತಿ ಆಡಲೇಬೇಕು ಅನ್ನುವವರು ತಮ್ಮ ವರ್ಗದ ಜೊತೆಗೆ ಥೀಫ್‌ನ ಮೂರು ಲೆವೆಲ್ ಬೆರೆಸಿಕೊಳ್ಳುವುದು ಇದಕ್ಕೇ. ಆಟದ ಗರಿಷ್ಠ ಲೆವೆಲ್ 12 ಎಂಬುದನ್ನು ನೆನಪಿಟ್ಟುಕೊಂಡು ಹಂಚಿಕೊಳ್ಳಿ. ಹಾಗೆಯೇ ಪರದೆಯ ಕೆಳಗಿನ ಪಟ್ಟಿಯಲ್ಲಿ ಡ್ಯುಯಲ್ ವೀಲ್ಡಿಂಗ್ ಸ್ವಿಚ್ ಇದೆ. ಅದು ಆನ್ ಇದ್ದರೆ ಎಡಗೈ ಏಟು ತಾನಾಗಿಯೇ ಬಿದ್ದು ಬೋನಸ್ ಆ್ಯಕ್ಷನ್ ಹೋಗಿಬಿಡುತ್ತದೆ. ಪೋಷನ್ ಕುಡಿಯುವ ಯೋಚನೆ ಇದ್ದರೆ ಮೊದಲು ಆಫ್ ಮಾಡಿ.

ಸ್ಕೈರಿಮ್‌ನಲ್ಲಿ ಎರಡು ಕತ್ತಿ ಹಿಡಿದರೆ ತಡೆಯೋಕೇ ಆಗಲ್ಲ, ನಿಜವೇ?

ನಿಜ. 2011ರಿಂದ ಇವತ್ತಿನವರೆಗೂ ಹಾಗೇ ಇದೆ. ಎರಡೂ ಕೈಯಲ್ಲಿ ಆಯುಧ ಇದ್ದರೆ ಬ್ಲಾಕ್ ಇಲ್ಲ, ತಪ್ಪಿಸಿಕೊಳ್ಳಲು ಕಾಲೇ ಗತಿ. ಅದರ ಬದಲಿಗೆ ‘ಡ್ಯುಯಲ್ ಫ್ಲರಿ’ ಪರ್ಕ್‌ನ (ಲೆವೆಲ್ ಏರಿದಾಗ ಆರಿಸಿಕೊಳ್ಳುವ ಕೌಶಲ) ಎರಡು ಹಂತ ಸೇರಿ ಬೀಸುವ ವೇಗ ಶೇ. 35 ಹೆಚ್ಚುತ್ತದೆ, ‘ಡ್ಯುಯಲ್ ಸ್ಯಾವೇಜರಿ’ ಜೋಡಿ ಪವರ್ ಅಟ್ಯಾಕ್‌ಗೆ ಇನ್ನಷ್ಟು ಬಲ ಕೊಡುತ್ತದೆ.

ಆಟದ ಶುರುವಿನಲ್ಲಿ ಗುರಾಣಿ ಹಿಡಿದವರೇ ನೆಮ್ಮದಿಯಾಗಿರುತ್ತಾರೆ. ‘ಡಿಫ್ಲೆಕ್ಟ್ ಆ್ಯರೋಸ್’ ಪರ್ಕ್ ಇದ್ದರೆ ಗುರಾಣಿಗೆ ಬಡಿದ ಬಾಣದಿಂದ ಏನೂ ಆಗುವುದಿಲ್ಲ. ‘ಎಲಿಮೆಂಟಲ್ ಪ್ರೊಟೆಕ್ಷನ್’ ಇದ್ದರೆ ಬೆಂಕಿ, ಹಿಮ, ಮಿಂಚಿನ ಹೊಡೆತ ಅರ್ಧಕ್ಕೆ ಇಳಿಯುತ್ತದೆ, ಡ್ರ್ಯಾಗನ್ ಎದುರು ನಿಂತಾಗ ಇದರ ಬೆಲೆ ತಿಳಿಯುತ್ತದೆ. ಆದರೆ ಕವಚದಿಂದ ಸಿಗುವ ರಕ್ಷಣೆಗೆ ಶೇ. 80ರ ಮಿತಿ ಇದೆ. ತಲೆಯಿಂದ ಕಾಲಿನವರೆಗೆ ನಾಲ್ಕೂ ಭಾಗ ತೊಟ್ಟವರು ಆರ್ಮರ್ ಅಂಕ 567 ಮುಟ್ಟಿದರೆ ಆ ಮಿತಿ ಬಂತು. ಸ್ಮಿಥಿಂಗ್ (ಕಮ್ಮಾರಿಕೆ) ಬೆಳೆಸಿಕೊಂಡವರು ಗುರಾಣಿ ಇಲ್ಲದೆಯೇ ಅಲ್ಲಿಗೆ ತಲುಪುತ್ತಾರೆ. ಅಲ್ಲಿಂದ ಮುಂದೆ ಗುರಾಣಿ ಸೇರಿಸುವ ಆರ್ಮರ್ ಅಂಕಕ್ಕೆ ಅರ್ಥವಿಲ್ಲ, ಜೋಡಿ ಕತ್ತಿಯದೇ ಕಾರುಬಾರು. ಬೀಸುವ ವೇಗ ಹೆಚ್ಚಿಸುವ ‘ಎಲಿಮೆಂಟಲ್ ಫ್ಯೂರಿ’ ಶೌಟ್ (ಕೂಗಿ ಹಾಕುವ ಮಂತ್ರ) ಬಳಸುವ ಆಸೆ ಇದ್ದರೆ ಕತ್ತಿಗಳಿಗೆ ಎನ್‌ಚಾಂಟ್‌ಮೆಂಟ್ ಹಾಕಬೇಡಿ, ಮಂತ್ರ ತುಂಬಿದ ಆಯುಧದ ಮೇಲೆ ಅದು ಕೆಲಸ ಮಾಡುವುದಿಲ್ಲ.

ಎಲ್ಡನ್ ರಿಂಗ್‌ನಲ್ಲಿ ಗುರಾಣಿ ಹಿಡಿಯೋದು ಹೇಡಿತನ ಅಂತಾರಲ್ಲ?

ಅನ್ನಲಿ ಬಿಡಿ. ಗುರಾಣಿಯವರಿಗೆ ‘ಗಾರ್ಡ್ ಕೌಂಟರ್’ ಎಂಬ ಅಸ್ತ್ರವನ್ನು ಆಟವೇ ಕೊಟ್ಟಿದೆ. ಮಾರ್ಗಿಟ್ ಎಂಬ ಬಾಸ್ (ದೊಡ್ಡ ಎದುರಾಳಿ) ಎದುರು ನಿಂತಿದ್ದೀರಿ ಅಂದುಕೊಳ್ಳಿ. ಅವನು ಕೋಲು ಎತ್ತಿ, ಹೊಡೆಯದೆ, ಎತ್ತಿದಲ್ಲೇ ಹಿಡಿದು ನಿಲ್ಲುತ್ತಾನೆ. ಉರುಳಿ ತಪ್ಪಿಸಿಕೊಳ್ಳುವವರು ಆತುರಪಟ್ಟು ಬೇಗ ಉರುಳಿ, ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ಏಟು. ಗುರಾಣಿ ಎತ್ತಿ ನಿಂತವರಿಗೆ ಆ ತಡ ಲೆಕ್ಕಕ್ಕಿಲ್ಲ. ಕೋಲು ಗುರಾಣಿಗೆ ಬಡಿದ ಕೂಡಲೇ ಹೆವಿ ಅಟ್ಯಾಕ್ ಒತ್ತಿದರೆ ಕತ್ತಿ ಜೋರಾಗಿ ತಿರುಗೇಟು ಕೊಡುತ್ತದೆ, ಹಾಗೆ ಕೆಲವು ಸಲ ತಗಲಿದರೆ ಅವನ ನಿಲುವೇ ಕುಸಿದು ಮಂಡಿಯೂರುತ್ತಾನೆ. ಭೌತಿಕ ಹೊಡೆತವನ್ನು ಶೇ. 100 ತಡೆಯುವ ಗುರಾಣಿಯನ್ನೇ ಆರಿಸಿ, ಸ್ಟ್ಯಾಮಿನಾ ಮೇಲೆ ಕಣ್ಣಿಡಿ. ಸ್ಟ್ಯಾಮಿನಾ ಮುಗಿದಾಗ ಗುರಾಣಿ ಎತ್ತಿದ್ದರೂ ತಡೆ ಒಡೆದುಹೋಗುತ್ತದೆ.

ಜೋಡಿ ಆಯುಧದ ‘ಪವರ್ ಸ್ಟಾನ್ಸ್’ ಕೂಡ ಇಲ್ಲಿ ಬಲವಾದದ್ದೇ. ಒಂದೇ ಜಾತಿಯ ಎರಡು ಆಯುಧ ಹಿಡಿದರೆ ಎಡ ಬಟನ್‌ಗೆ ಎರಡೂ ಒಟ್ಟಿಗೆ ಬೀಸುವ ಹೊಡೆತಗಳು ಬರುತ್ತವೆ, ಅದರಲ್ಲೂ ನೆಗೆದು ಹೊಡೆಯುವುದು ಭಯಂಕರ. ರಕ್ತಸ್ರಾವ ತರಿಸುವ ಆಯುಧಗಳಾದರೆ ಏಟೇಟಿಗೂ ಆ ಮಟ್ಟ ಏರುತ್ತಾ ಹೋಗಿ, ತುಂಬಿದಾಗ ಎದುರಾಳಿಯ ಒಟ್ಟು ಜೀವದಲ್ಲೇ ಒಂದು ಪಾಲು ಕಿತ್ತುಕೊಂಡು ಹೋಗುತ್ತದೆ. ಬಾಸ್ ಎಷ್ಟು ದೊಡ್ಡವನೋ ಲಾಭ ಅಷ್ಟು. ತೂಕ ಮಾತ್ರ ಮರೆಯಬೇಡಿ: ಹೊರುವ ಶಕ್ತಿಯ ಶೇ. 70 ದಾಟಿದರೆ ಉರುಳುವುದು ನಿಧಾನವಾಗುತ್ತದೆ. ತಡೆಯಲಾಗದವರು ನಿಧಾನವೂ ಆದರೆ ಉಳಿಗಾಲವಿಲ್ಲ.

ಪಾಥ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ?

ಈ ಇಡೀ ಪ್ರಶ್ನೆಯನ್ನು ಅತ್ಯಂತ ಚೆನ್ನಾಗಿ ಬಿಡಿಸಿರುವ ಟೇಬಲ್ ಆಟ ಇದು ಅನ್ನುವುದು ನನ್ನ ಅಭಿಪ್ರಾಯ. ಪ್ರತಿ ಟರ್ನ್‌ಗೆ ಮೂರು ಆ್ಯಕ್ಷನ್. ಗುರಾಣಿ ಕೈಯಲ್ಲಿದ್ದ ಮಾತ್ರಕ್ಕೆ ರಕ್ಷಣೆ ಇಲ್ಲ, ಒಂದು ಆ್ಯಕ್ಷನ್ ಕೊಟ್ಟು ಅದನ್ನು ಎತ್ತಬೇಕು, ಆಗ +2. ‘ಶೀಲ್ಡ್ ಬ್ಲಾಕ್’ ಬರುವವರು ಏಟು ತಗಲಿದಾಗ ರಿಯಾಕ್ಷನ್‌ನಲ್ಲಿ (ಬೇರೆಯವರ ಸರದಿಯಲ್ಲಿ ಮಾಡಬಹುದಾದ ಪ್ರತಿಕ್ರಿಯೆ) ಗುರಾಣಿ ಅಡ್ಡ ಹಿಡಿದರೆ ಉಕ್ಕಿನ ಗುರಾಣಿ 5 ಅಂಕ ನುಂಗುತ್ತದೆ. ಮಿಕ್ಕದ್ದು ನಿಮಗೂ ಬೀಳುತ್ತದೆ, ಗುರಾಣಿಗೂ ಬೀಳುತ್ತದೆ. ಗುರಾಣಿ ಒಡೆಯಲೂಬಹುದು.

ಇತ್ತ ಎರಡು ಕತ್ತಿ ಹಿಡಿದ ಮಾತ್ರಕ್ಕೆ ಹೆಚ್ಚುವರಿ ಏಟೂ ಇಲ್ಲ. ಎರಡನೇ ಏಟಿಗೆ −5, ಮೂರನೆಯದಕ್ಕೆ −10 ಕಡಿತ. ‘ಅಜೈಲ್’ (ಚುರುಕು) ಗುಣದ ಆಯುಧವಾದರೆ −4, −8. ಫೈಟರ್‌ಗೆ ‘ಡಬಲ್ ಸ್ಲೈಸ್’ ಇದ್ದರೆ ಎರಡು ಆ್ಯಕ್ಷನ್ ಕೊಟ್ಟು ಎರಡೂ ಕತ್ತಿಯಿಂದ ಹೊಡೆಯಬಹುದು, ಎರಡನೆಯದು ಅಜೈಲ್ ಆಗಿದ್ದರೆ ಅದಕ್ಕೆ ಕಡಿತವೇ ಇಲ್ಲ. ಮೂರನೇ ಏಟು −10ರಲ್ಲಿ ತಗಲುವುದು ಅಪರೂಪ, ಆದ್ದರಿಂದ ಆ ಕೊನೆಯ ಆ್ಯಕ್ಷನ್‌ನಲ್ಲಿ ಗುರಾಣಿ ಎತ್ತುವವರು ಏನನ್ನೂ ಕಳೆದುಕೊಳ್ಳುವುದಿಲ್ಲ. ಹೊಸಬರು ಇದನ್ನು ಮೊದಲ ದಿನವೇ ಕಲಿತರೆ ಒಳ್ಳೆಯದು.

ಗುರಾಣಿ ಹಿಡಿದು ಮಂತ್ರ ಹಾಕಬಹುದೇ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ಟೇಬಲ್‌ನಲ್ಲಿ ಕೈಸನ್ನೆ ಬೇಕಾದ ಮಂತ್ರಕ್ಕೆ ಒಂದು ಕೈ ಖಾಲಿ ಇರಬೇಕು. ಕ್ಲೆರಿಕ್, ಪಾಲಡಿನ್ ತಮ್ಮ ದೈವದ ಚಿಹ್ನೆಯನ್ನು ಗುರಾಣಿಯ ಮೇಲೆಯೇ ಬರೆಸಿಕೊಳ್ಳಬಹುದು. ಸಾಮಗ್ರಿ ಬೇಕಾದ ಮಂತ್ರಗಳಿಗೆ ಆ ಕೈಯೇ ಸಾಕು. ಸಾಮಗ್ರಿ ಇಲ್ಲದೆ ಬರೀ ಕೈಸನ್ನೆಯ ಮಂತ್ರವಾದರೆ ಕತ್ತಿಯನ್ನು ಒರೆಗೆ ಸೇರಿಸಬೇಕು, ಇಲ್ಲವೇ ‘ವಾರ್ ಕ್ಯಾಸ್ಟರ್’ ಫೀಟ್ ಇರಬೇಕು. ಬಾಲ್ಡರ್ಸ್ ಗೇಟ್ 3ರಲ್ಲಿ ಈ ತಲೆನೋವು ಇಲ್ಲ.

ಕಾಳಗದ ನಡುವೆ ಗುರಾಣಿ ಬಿಟ್ಟು ಎರಡನೇ ಕತ್ತಿ ಎಳೆಯಬಹುದೇ?

ಅದೇ ಐದನೇ ಆವೃತ್ತಿಯಲ್ಲಿ ಗುರಾಣಿ ತೊಡಲೂ ಒಂದು ಆ್ಯಕ್ಷನ್, ಕಳಚಲೂ ಒಂದು ಆ್ಯಕ್ಷನ್. ಅಷ್ಟು ಹೊತ್ತಿಗೆ ಒಂದು ಸುತ್ತಿನ ಹೊಡೆತ ಹೋಯಿತು. ಬಾಗಿಲು ಒಡೆಯುವ ಮುಂಚೆಯೇ ತೀರ್ಮಾನಿಸಿ.

ಚರಿತ್ರೆಯಲ್ಲಿ ನಿಜವಾಗಿ ಯಾರಾದರೂ ಎರಡು ಕತ್ತಿ ಹಿಡಿದು ಹೋರಾಡುತ್ತಿದ್ದರೇ?

ಹೋರಾಡುತ್ತಿದ್ದರು, ಆದರೆ ಬಹುಪಾಲು ದ್ವಂದ್ವಯುದ್ಧದಲ್ಲಿ. 16 ಮತ್ತು 17ನೇ ಶತಮಾನದ ಯುರೋಪಿನಲ್ಲಿ ಬಲಗೈಯಲ್ಲಿ ರೇಪಿಯರ್ ಎಂಬ ತೆಳುವಾದ ಉದ್ದ ಕತ್ತಿ, ಎಡಗೈಯಲ್ಲಿ ಡ್ಯಾಗರ್ ಹಿಡಿಯುವುದು ಸಾಮಾನ್ಯವಾಗಿತ್ತು. ಆ ಡ್ಯಾಗರ್‌ನ ಮುಖ್ಯ ಕೆಲಸ ಎದುರಿನ ಕತ್ತಿಯನ್ನು ತಡೆದು ಸರಿಸುವುದು, ಅಂದರೆ ಗುರಾಣಿಯದೇ ಕೆಲಸ. ಜಪಾನಿನಲ್ಲಿ 1645ರಲ್ಲಿ ತೀರಿಕೊಂಡ ಮಿಯಾಮೊಟೊ ಮುಸಾಶಿ ಉದ್ದ ಮತ್ತು ಗಿಡ್ಡ ಕತ್ತಿಗಳನ್ನು ಒಟ್ಟಿಗೆ ಬಳಸುವ ಪಂಥವನ್ನೇ ಕಟ್ಟಿದವರು.

ರಣರಂಗಕ್ಕೆ ಬಂದರೆ ಬಾಣ ಬೀಳುವ ಕಡೆ ಗುರಾಣಿಯೇ ಬೇಕು. ಯುರೋಪಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಕತ್ತಿವರಸೆಯ ಕೈಬರಹ, ಸುಮಾರು 1300ರದ್ದು, ಹೇಳಿಕೊಡುವುದು ಕತ್ತಿ ಮತ್ತು ಬಕ್ಲರ್ ಎಂಬ ಪುಟ್ಟ ಗುರಾಣಿಯ ವರಸೆಯನ್ನು. ನಮ್ಮ ಊರುಗಳ ವೀರಗಲ್ಲುಗಳ ಕೆಳಗಿನ ಪಟ್ಟಿಕೆಯನ್ನು ಗಮನಿಸಿ ನೋಡಿ, ಕತ್ತಿ-ಗುರಾಣಿ ಹಿಡಿದ ವೀರರು ಎಷ್ಟೋ ಕಡೆ ಕಾಣುತ್ತಾರೆ. ಗುರಾಣಿ ಹಿಂದೆ ಸರಿದದ್ದು ಎರಡನೇ ಕತ್ತಿಗೆ ಸೋತು ಅಲ್ಲ. ಯುರೋಪಿನಲ್ಲಿ ಮೈತುಂಬ ಉಕ್ಕಿನ ಕವಚ ಬಂದ ಮೇಲೆ ಎರಡೂ ಕೈ ಸೇರಿಸಿ ಹಿಡಿಯುವ ಭಾರಿ ಆಯುಧಗಳಿಗೆ ಅದು ಜಾಗ ಬಿಟ್ಟುಕೊಟ್ಟಿತು.

ಲೆಕ್ಕವೆಲ್ಲ ಸರಿ, ನನಗೆ ಜೋಡಿ ಕತ್ತಿಯೇ ಇಷ್ಟ. ಪಾರ್ಟಿಗೆ ತೊಂದರೆಯಾಗುತ್ತದೆಯೇ?

ಪಾರ್ಟಿಯಲ್ಲಿ ಮುಂದೆ ನಿಲ್ಲುವವರು ಇನ್ನೊಬ್ಬರಿದ್ದರೆ ಖಂಡಿತ ಆಗುವುದಿಲ್ಲ. ನೀವೊಬ್ಬರೇ ಮುಂಚೂಣಿಯಾಗಿದ್ದರೆ ಮಾತ್ರ ಯೋಚಿಸಿ, ಏಕೆಂದರೆ ನೀವು ಬಿದ್ದ ಮರುಕ್ಷಣ ಗಾಬ್ಲಿನ್‌ಗಳು ನುಗ್ಗುವುದು ಹಿಂದಿರುವವರ ಮೇಲೆ. ಆಗ ಟು-ವೆಪನ್ ಫೈಟಿಂಗ್ ಸ್ಟೈಲ್ ಬಿಡದೆ ತೆಗೆದುಕೊಳ್ಳಿ, ಸಿಗುವ ಅತಿ ಒಳ್ಳೆಯ ಕವಚ ತೊಡಿ, ಇಕ್ಕಟ್ಟಾದ ಬಾಗಿಲಲ್ಲಿ ನಿಂತು ಒಂದು ಸಲಕ್ಕೆ ಒಬ್ಬರೇ ಎದುರಿಗೆ ಬರುವಂತೆ ನೋಡಿಕೊಳ್ಳಿ. ಆಟ ನಡೆಸುವ ಡಂಜನ್ ಮಾಸ್ಟರ್‌ಗೆ ಮೊದಲೇ ಹೇಳಿಡಿ: ನಿಮಗೆ ಮಾಂತ್ರಿಕ ಕತ್ತಿ ಒಂದಲ್ಲ, ಎರಡು ಬೇಕಾಗುತ್ತದೆ.